ಪರದೇಶಿಯ ಫೋನು, ಬಳ್ಳಿಗಾವಿಯ ಎಳನೀರು

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥ. ಒಂದು, ಬೇರೆ ದೇಶದವನು. ಇನ್ನೊಂದು, ದಿಕ್ಕುದೆಸೆ ಇಲ್ಲದವನು. ಎರಡೂ ಅರ್ಥಗಳು ಒಬ್ಬನಲ್ಲೇ ಕೂಡುವುದು ಹೇಗೆಂದು ತಿಳಿಯಬೇಕಾದರೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಬಂದಿಳಿದ ಒಬ್ಬ ಜರ್ಮನ್ ಪ್ರವಾಸಿಯನ್ನು ಕಲ್ಪಿಸಿಕೊಳ್ಳಿ. ಕೇದಾರೇಶ್ವರ ದೇವಾಲಯ ನೋಡಿದ್ದಾನೆ, ಗಂಡಭೇರುಂಡ ಕಂಬದ ಚಿತ್ರ ತೆಗೆದಿದ್ದಾನೆ, ಬಿಸಿಲಿಗೆ ಬಾಯಾರಿದೆ. ಎದುರಿಗೇ ಎಳನೀರಿನ ಗಾಡಿ. ಕಾಯಿ ಕೆತ್ತಿ ಕೊಟ್ಟವರು ಗಾಡಿಗೆ ಅಂಟಿಸಿದ ಚೌಕದ ಚಿತ್ರವನ್ನು ತೋರಿಸಿ, ‘ಸ್ಕ್ಯಾನ್ ಮಾಡಿ’ ಎನ್ನುತ್ತಾರೆ. ಅವನ ಕೈಯಲ್ಲಿರುವುದು ತನ್ನ ಊರಿನಲ್ಲಿ ಕಾಫಿಗೂ ರೈಲಿಗೂ ಹಣ ಕಟ್ಟುವ ಫೋನೇ. ಆದರೆ ಇಲ್ಲಿ ಅದು ಚಿತ್ರವನ್ನು ಓದುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಪಕ್ಕದಲ್ಲಿ ನಿಂತ ಶಾಲಾ ಹುಡುಗ ಅಪ್ಪನ ಫೋನು ಹಿಡಿದು, ಕಣ್ಣು ಮಿಟುಕಿಸುವುದರೊಳಗೆ ದುಡ್ಡು ಕೊಟ್ಟು ಹೋಗುತ್ತಾನೆ. ಪ್ರವಾಸಿ ಐನೂರರ ನೋಟು ತೆಗೆದರೆ ಚಿಲ್ಲರೆ ಇಲ್ಲ!

ಹಂಪಿಗೋ ಗೋಕರ್ಣಕ್ಕೋ ಬರುವಂತೆ ವಿದೇಶಿಯರು ಶಿಕಾರಿಪುರ, ಸೊರಬದ ಕಡೆಗೆ ಸಾಲುಗಟ್ಟಿ ಬರುವುದಿಲ್ಲ, ನಿಜ. ಆದರೆ ತಾಳಗುಂದದ ಶಾಸನ, ಚಂದ್ರಗುತ್ತಿಯ ಬೆಟ್ಟ, ಗುಡವಿಯ ಪಕ್ಷಿಗಳು, ಸೊರಬದ ಗುಡಿಗಾರರ ಗಂಧದ ಕೆತ್ತನೆ ಇವನ್ನೆಲ್ಲ ಹುಡುಕಿಕೊಂಡು ಬರುವವರು ಒಬ್ಬಿಬ್ಬರಾದರೂ ಇರುತ್ತಾರೆ. ಹಂಪಿಯಲ್ಲಿ ಡಾಲರ್ ಬದಲಿಸಿಕೊಡುವವರು ಸಿಗುತ್ತಾರೆ, ಕಾರ್ಡು ಉಜ್ಜುವ ಯಂತ್ರವಿರುವ ಹೋಟೆಲು ಸಿಗುತ್ತದೆ. ಸಣ್ಣ ಊರಿನಲ್ಲಿ ಹಾಗಲ್ಲ. ಇಲ್ಲಿಯ ಅಂಗಡಿ ನಗದಿನಿಂದ ನೇರವಾಗಿ ಸ್ಕ್ಯಾನರಿಗೆ ಹಾರಿತು. ನಡುವಿನ ಮೆಟ್ಟಿಲಾದ ಕಾರ್ಡು ಯಂತ್ರವನ್ನು ಬಹಳ ಮಂದಿ ವ್ಯಾಪಾರಿಗಳು ಮುಟ್ಟಲೇ ಇಲ್ಲ. ಪರದೇಶದವನ ಬಳಿ ಇರುವುದು ಆ ನಡುವಿನ ಮೆಟ್ಟಿಲು ಮಾತ್ರ. ತೊಡಕು ಇಲ್ಲಿದೆ.

ಯುಪಿಐ ಎಂಬ ಈ ಏರ್ಪಾಡನ್ನು ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅದೇ ವರ್ಷ ನವೆಂಬರ್ 8ರ ರಾತ್ರಿ ಹಳೆಯ ಐನೂರು, ಸಾವಿರದ ನೋಟುಗಳು ರದ್ದಾದವು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು. 2025ರ ಆಗಸ್ಟ್ ತಿಂಗಳೊಂದರಲ್ಲೇ ದೇಶದಲ್ಲಿ 2000 ಕೋಟಿಗೂ ಹೆಚ್ಚು ಸಲ ಹೀಗೆ ಹಣ ಕೈ ಬದಲಿಸಿತು. ಹಣ ಇರುವುದು ಫೋನಿನಲ್ಲಿ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ಅದು ಸರಿಯಲ್ಲ. ಹಣ ಇರುವುದು ಬ್ಯಾಂಕಿನಲ್ಲಿ. ಫೋನು ಬರೀ ಕೀಲಿಕೈ. ಆ್ಯಪ್ ಹಾಕಿಕೊಂಡ ದಿನ ಅದು ನಿಮ್ಮ ಸಿಮ್‌ನಿಂದ ಸದ್ದಿಲ್ಲದೆ ಒಂದು ಸಂದೇಶ ಕಳುಹಿಸಿ, ಈ ನಂಬರು ಈ ಫೋನಿನಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಆ ನಂಬರಿಗೆ ಜೋಡಿಸಿದ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ನೋಡುತ್ತದೆ. ಡೆಬಿಟ್ ಕಾರ್ಡು ಅಥವಾ ಆಧಾರ್ ತೋರಿಸಿದ ಮೇಲೆ ಗುಟ್ಟಿನ ಪಿನ್ ಕೊಡುತ್ತದೆ. ಸಿಮ್, ಖಾತೆ, ಗುರುತು, ಈ ಮೂರು ಗಂಟು ಬಿದ್ದ ಮೇಲೆಯೇ ಎಳನೀರು. ವಾರದ ಮಟ್ಟಿಗೆ ಬಂದ ವಿದೇಶಿಯ ಬಳಿ ಈ ಮೂರರಲ್ಲಿ ಒಂದೂ ಇರುವುದಿಲ್ಲ.

ಹಿಂದೆ ಇದೇ ಬಳ್ಳಿಗಾವಿಗೆ ಪರಸ್ಥಳದವರು ಬಂದಾಗ ಏನಾಗುತ್ತಿತ್ತು? ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳು, ನಾನಾದೇಶಿ ಎಂದು ಕರೆಸಿಕೊಂಡ ವ್ಯಾಪಾರಿಗಳು ಇಲ್ಲಿ ಓಡಾಡಿದರು. ಇಲ್ಲಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ದೀನರಿಗೆ, ಅಂಗವಿಕಲರಿಗೆ, ಹಾಡುವವರಿಗೆ, ಕಥೆ ಹೇಳುವವರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ ಅನ್ನವಿಡುತ್ತಿದ್ದುದನ್ನು ಪಟ್ಟಿ ಮಾಡುತ್ತದೆ. ಕೈ ಬರಿದಾದ ಪರದೇಶಿಗೆ ಮಠವಿತ್ತು ಎಂದಾಯಿತು. ಕೈಯಲ್ಲಿ ಕಾಸಿದ್ದವನಿಗೆ?

ಆ ಕಾಲದ ಬಂಗಾರದ ನಾಣ್ಯ ಗದ್ಯಾಣ. ಅದರ ಕೆಳಗೆ ಪಣ, ಹಾಗ, ವೀಸ. ಗದ್ಯಾಣಕ್ಕೆ ಹತ್ತು ಪಣ ಎಂಬುದು ಸಾಮಾನ್ಯ ಲೆಕ್ಕ. ನಾವು ಇಂದಿಗೂ ‘ಹಣ’ ಎನ್ನುವುದು ಆ ಪಣವನ್ನೇ. ಪಕಾರ ಹಕಾರವಾಗಿದೆ, ಅಷ್ಟೆ. ಲಕ್ಕುಂಡಿಯ ಟಂಕಸಾಲೆಯ ಲೊಕ್ಕಿ ಗದ್ಯಾಣ ಊರೂರಿನ ಶಾಸನಗಳಲ್ಲಿ ಬರುತ್ತದೆ. ಪರಊರಿನ ನಾಣ್ಯ ಬಂದರೆ ಚಿನಿವಾರ ಅದನ್ನು ಒರೆಗಲ್ಲಿಗೆ ತಿಕ್ಕಿ, ತಕ್ಕಡಿಗೆ ಹಾಕಿ ಬೆಲೆ ಹೇಳುತ್ತಿದ್ದ. (ಬೆಳ್ಳಿ ಬಂಗಾರದ ಧಾರಣೆಯನ್ನು ‘ಚಿನಿವಾರ ಪೇಟೆ’ ಎಂದು ನಾವು ಪತ್ರಿಕೆಯವರು ಅಚ್ಚು ಹಾಕುತ್ತಾ ಬಂದದ್ದು ಅವನ ಹೆಸರಿನಲ್ಲೇ.) ಬಂಗಾರವನ್ನು ಒರೆಗೆ ಹಚ್ಚುತ್ತಿದ್ದರು, ತಂದವನನ್ನಲ್ಲ.

ನಾಣ್ಯದ ಈ ಗುಣ ಎಷ್ಟು ಗಟ್ಟಿ ಎಂಬುದಕ್ಕೆ ಪಕ್ಕದ ಸಾಗರ ತಾಲ್ಲೂಕಿನ ಇಕ್ಕೇರಿಯೇ ಸಾಕ್ಷಿ. ಇಟಲಿಯ ಪೀಟ್ರೊ ಡೆಲ್ಲಾ ವಾಲೆ 1623ರಲ್ಲಿ ಗೋವೆಯಿಂದ ಪೋರ್ಚುಗೀಸರ ರಾಯಭಾರಿಯ ಜೊತೆ ಹೊರಟು, ಹೊನ್ನಾವರ, ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಕೆಳದಿ ಅರಸರು ಆಮೇಲೆ ರಾಜಧಾನಿಯನ್ನು ಬಿದನೂರಿಗೆ ಒಯ್ದರೂ ಅವರ ಚಿನ್ನದ ನಾಣ್ಯಕ್ಕೆ ಇಕ್ಕೇರಿ ವರಹ ಎಂಬ ಹೆಸರೇ ಉಳಿಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಶಿವಪಾರ್ವತಿಯರ ಚಿತ್ರವಿದ್ದ ಮಾದರಿಯನ್ನೇ ಇಟ್ಟುಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿಯಲ್ಲಿ ಒತ್ತಿಸಿದ. ಅರಸ ಬದಲಾದರೂ ಜನ ಒಗ್ಗಿಕೊಂಡ ನಾಣ್ಯದ ಮುಖ ಬದಲಾಗಲಿಲ್ಲ.

ಹುಂಡಿಯ ರೀತಿ ಬೇರೆ. ದೂರದ ಊರಿಗೆ ದೊಡ್ಡ ಮೊತ್ತ ಸಾಗಿಸುವಾಗ ಕಳ್ಳರ ಭಯಕ್ಕೆ ಬಂಗಾರದ ಬದಲು ಕಾಗದ ಒಯ್ಯುವುದಿತ್ತು. ಆ ಕಾಗದದ ಬೆಲೆ ನಿಂತಿದ್ದು ಬರೆದುಕೊಟ್ಟ ಸಾಹುಕಾರನ ಹೆಸರಿನ ಮೇಲೆ. ಅವನನ್ನು ಬಲ್ಲವರು ಆಚೆ ಊರಿನಲ್ಲಿ ಇದ್ದರೆ ಹಣ, ಇಲ್ಲದಿದ್ದರೆ ಬರೀ ಕಾಗದ. ಹೀಗೆ ನೋಡಿದರೆ ನಮ್ಮ ಯುಪಿಐ ನಾಣ್ಯದ ವಂಶದ್ದಲ್ಲ, ಹುಂಡಿಯ ವಂಶದ್ದು. ‘ನಿನ್ನಲ್ಲಿ ಏನಿದೆ’ ಎಂದು ಕೇಳುವ ಮೊದಲು ‘ನೀನು ಯಾರು’ ಎಂದು ಕೇಳುತ್ತದೆ. ಊರಿನವರಿಗೆ ಈ ಪ್ರಶ್ನೆ ಕೇಳಿಸುವುದೂ ಇಲ್ಲ. ಬ್ಯಾಂಕು ಅದಕ್ಕೆ ಎಂದೋ ಉತ್ತರ ಕೊಟ್ಟಿರುತ್ತದೆ.

ಪರದೇಶಿಗೂ ಒಂದು ಉತ್ತರ ಒದಗಿಸಲು ರಿಸರ್ವ್ ಬ್ಯಾಂಕು 2023ರ ಫೆಬ್ರುವರಿಯಲ್ಲಿ ದಾರಿ ತೆರೆಯಿತು. ಜಿ-20 ಸಭೆಗಳ ವರ್ಷವಾದ್ದರಿಂದ ಮೊದಲಿಗೆ ಆ ದೇಶಗಳಿಂದ ಬೆಂಗಳೂರು, ಮುಂಬೈ, ದೆಹಲಿ ವಿಮಾನ ನಿಲ್ದಾಣಗಳಲ್ಲಿ ಇಳಿದವರಿಗೆ ಈ ಸೌಲಭ್ಯ ಸಿಕ್ಕಿತು. ಕೌಂಟರಿನಲ್ಲಿ ಪಾಸ್‌ಪೋರ್ಟು, ವೀಸಾಗಳನ್ನು ಎದುರಿಗೇ ಪರಿಶೀಲಿಸಿ, ರೂಪಾಯಿ ತುಂಬಿಸಿಕೊಳ್ಳುವ ಒಂದು ಡಿಜಿಟಲ್ ಚೀಲ ಕೊಡುತ್ತಾರೆ. ಅದೇ ವ್ಯಾಲೆಟ್. ತನ್ನ ದೇಶದ ಹಣವನ್ನು ನಗದಾಗಿಯೋ ಕಾರ್ಡಿನಿಂದಲೋ ಕೊಟ್ಟು ರೂಪಾಯಿ ತುಂಬಿಸಿಕೊಳ್ಳಬೇಕು. ಭಾರತದ ಬ್ಯಾಂಕಿನಲ್ಲಿ ಖಾತೆ ಬೇಕಿಲ್ಲ. ಐಸಿಐಸಿಐ, ಐಡಿಎಫ್‌ಸಿ ಫಸ್ಟ್ ಬ್ಯಾಂಕುಗಳು, ಪೈನ್ ಲ್ಯಾಬ್ಸ್, ಟ್ರಾನ್ಸ್‌ಕಾರ್ಪ್ ಎಂಬ ಕಂಪೆನಿಗಳು ಮೊದಲ ಸುತ್ತಿನಲ್ಲಿ ಇದಕ್ಕೆ ಮುಂದಾದವು. ಆಮೇಲೆ ‘ಯುಪಿಐ ಒನ್ ವರ್ಲ್ಡ್’ ಎಂಬ ಹೆಸರು ಬಂತು; 2024ರ ಜುಲೈನಲ್ಲಿ ದೆಹಲಿಯಲ್ಲಿ ವಿಶ್ವ ಪರಂಪರೆ ಸಮಿತಿಯ ಸಭೆ ನಡೆದಾಗ ಎಲ್ಲ ದೇಶಗಳ ಪ್ರವಾಸಿಗರಿಗೂ ವಿಸ್ತರಿಸಿದರು.

ಆ ಸೌಲಭ್ಯ ಶುರುವಾದದ್ದು 2023ರ ಫೆಬ್ರುವರಿ 21. ಆರು ದಿನ ಕಳೆದು, 27ರಂದು, ಶಿವಮೊಗ್ಗದ ಸೋಗಾನೆಯಲ್ಲಿ ನಮ್ಮ ಜಿಲ್ಲೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆದರೆ ಅಲ್ಲಿಗೆ ಪರದೇಶದ ವಿಮಾನ ಬರುವುದಿಲ್ಲ. ಆದ್ದರಿಂದ ಬಳ್ಳಿಗಾವಿಗೆ ಹೊರಟವನು ಮುನ್ನೂರು ಕಿಲೋಮೀಟರಿಗೂ ದೂರದಲ್ಲಿ ವಿಮಾನ ಇಳಿದ ಗಳಿಗೆಯಲ್ಲೇ, ಹದಿನಾರು ಗಂಟೆಯ ನಿದ್ದೆಗಣ್ಣಿನಲ್ಲಿ, ಈ ಚೀಲ ಕೊಳ್ಳಬೇಕೆಂದು ನೆನಪಿಟ್ಟುಕೊಳ್ಳಬೇಕು. ಶಿಕಾರಿಪುರಕ್ಕೆ ಬಂದ ಮೇಲೆ ನೆನಪಾದರೆ ಪ್ರಯೋಜನ ಕಡಿಮೆ.

ಚೀಲ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಇನ್ನೊಂದು ಗಂಟು ಬಾಕಿ ಇದೆ, ಸಣ್ಣ ಊರುಗಳಲ್ಲಿ ಅದೇ ಮುಖ್ಯವಾದದ್ದು. ಈ ವ್ಯಾಲೆಟ್‌ನಿಂದ ವ್ಯಾಪಾರಿಗೆ ಮಾತ್ರ ಹಣ ಕೊಡಬಹುದು, ವ್ಯಕ್ತಿಗೆ ಕೊಡುವಂತಿಲ್ಲ. ವ್ಯಾಪಾರಿ ಎಂದರೆ ಯಾರು? ಸ್ಕ್ಯಾನರ್ ಚಿತ್ರಗಳೆಲ್ಲ ನಮ್ಮ ಕಣ್ಣಿಗೆ ಒಂದೇ. ಆದರೆ ಅಂಗಡಿಯ ಹೆಸರಿನಲ್ಲಿ ನೋಂದಾಯಿಸಿ, ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆ ಇಟ್ಟುಕೊಂಡ ಕಿರಾಣಿ ಅಂಗಡಿಯದ್ದು ಒಂದು ಬಗೆ. ಮಗನ ಫೋನಿನಿಂದ ಮುದ್ರಿಸಿ ಗಾಡಿಗೆ ಅಂಟಿಸಿದ ಖಾಸಗಿ ಚಿತ್ರ ಇನ್ನೊಂದು ಬಗೆ. ಆಟೋದವರು, ಬಾಡಿಗೆ ಜೀಪಿನವರು ‘ಈ ನಂಬರಿಗೆ ಹಾಕಿ ಸಾರ್’ ಎಂದು ಹೇಳುವ ನಂಬರೂ ಈ ಎರಡನೆಯ ಜಾತಿಯದ್ದೇ. ನಮಗೆ ನಿಮಗೆ ಎರಡೂ ಒಂದೇ. ಪರದೇಶಿಯ ವ್ಯಾಲೆಟ್ ಮೊದಲನೆಯದಕ್ಕೆ ಮಾತ್ರ ಬಗ್ಗುತ್ತದೆ. ಶಿರಾಳಕೊಪ್ಪದ ಔಷಧಿ ಅಂಗಡಿಯಲ್ಲಿ ನಡೆದದ್ದು ಬಳ್ಳಿಗಾವಿಯ ಗಾಡಿಯಲ್ಲಿ ನಡೆಯದೇ ಹೋಗಬಹುದು. ಅವನಿಗೆ ಕಾರಣವನ್ನು ಹೇಳುವವರು ಯಾರು? ಗಾಡಿಯವರಿಗೂ ಅದು ಗೊತ್ತಿರುವುದಿಲ್ಲ.

ಹಾಗಾದರೆ ಗಾಡಿಯವರೂ ವ್ಯಾಪಾರಿ ಎಂದು ನೋಂದಾಯಿಸಿಕೊಂಡರಾಯಿತಲ್ಲ? ಆಗಬಹುದು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿ ಕಮಿಷನ್ ಕೊಡಬೇಕಿಲ್ಲ. ಅಳುಕು ಬೇರೆ ಕಡೆಯದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನಾಲ್ಕು ವರ್ಷಗಳ ಯುಪಿಐ ಲೆಕ್ಕ ನೋಡಿ, ವಾರ್ಷಿಕ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳುಹಿಸಿತು. ಬೆಂಗಳೂರಿನಲ್ಲಿ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಬರಹಗಳು ತೂಗಾಡಿದವು. ಬಂದ್‌ಗೆ ಕರೆ ಬಂತು. ಮುಖ್ಯಮಂತ್ರಿ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ ಎಂದ ಮೇಲೆ ಬಿಸಿ ತಣಿಯಿತು. ಎಳನೀರು ಮಾರುವವರು 40 ಲಕ್ಷ ಮುಟ್ಟುವುದು ದೂರದ ಮಾತು. ಆದರೂ ಹೆದರಿಕೆ ಲೆಕ್ಕ ಹಾಕಿ ಬರುವುದಿಲ್ಲ.

ಬೇರೆ ದೇಶದವರು ಇದನ್ನು ಹೇಗೆ ಬಿಡಿಸಿದರು? ಚೀನಾದಲ್ಲೂ ಇದೇ ಗೋಳಿತ್ತು. ಅಲಿಪೇ, ವೀಚಾಟ್ ಇಲ್ಲದೆ ಬೀದಿಯಲ್ಲಿ ನೂಡಲ್ಸ್ ಕೂಡ ಸಿಗದು ಎಂದು ಪ್ರವಾಸಿಗರು ದೂರುತ್ತಿದ್ದರು. 2023ರ ಜುಲೈನಲ್ಲಿ ಆ ಎರಡೂ ಕಂಪೆನಿಗಳು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಪರದೇಶದ ಕಾರ್ಡನ್ನು ನೇರವಾಗಿ ಆ್ಯಪ್‌ಗೆ ಜೋಡಿಸಲು ಬಿಟ್ಟವು. 200 ಯುವಾನ್‌ವರೆಗಿನ ಖರೀದಿಗೆ ಶುಲ್ಕವಿಲ್ಲ, ಮೀರಿದರೆ ಶೇ 3. ಪ್ರವಾಸಿ ಇದನ್ನು ತನ್ನ ಮನೆಯಲ್ಲಿ ಕೂತೇ ಮಾಡಿಕೊಂಡು ವಿಮಾನ ಹತ್ತಬಹುದು. ನಮ್ಮ ರೀತಿಯಲ್ಲಿ ಗುರುತಿನ ತಪಾಸಣೆ ಬಿಗಿ, ವಿದೇಶಿ ವಿನಿಮಯದ ಲೆಕ್ಕ ಚೊಕ್ಕ. ಆದರೆ ಬಾಗಿಲು ಇಕ್ಕಟ್ಟು. ನನ್ನ ಮಟ್ಟಿಗೆ ಹೇಳುವುದಾದರೆ, ಇಷ್ಟು ಸಣ್ಣ ಮೊತ್ತಕ್ಕೆ ಅಷ್ಟು ಬಿಗಿ ಬೇಕಿಲ್ಲ.

ತಮಾಷೆಯೆಂದರೆ ನಾವು ಹೊರಗೆ ಹೋಗುವ ದಾರಿ ಇದಕ್ಕಿಂತ ಸಲೀಸಾಗುತ್ತಿದೆ. 2021ರಲ್ಲಿ ಭೂತಾನ್, 2024ರಲ್ಲಿ ಶ್ರೀಲಂಕಾ, ಮಾರಿಷಸ್, ನೇಪಾಳಗಳ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯತೊಡಗಿತು. 2024ರ ಫೆಬ್ರುವರಿಯಿಂದ ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್ಟನ್ನೂ ಹೀಗೆ ಕೊಳ್ಳಬಹುದು. ಸೊರಬದ ಹುಡುಗ ಪ್ಯಾರಿಸ್ಸಿನಲ್ಲಿ ಸ್ಕ್ಯಾನ್ ಮಾಡುತ್ತಾನೆ. ಪ್ಯಾರಿಸ್ಸಿನ ಹುಡುಗ ಸೊರಬದಲ್ಲಿ ಚಿಲ್ಲರೆ ಹುಡುಕುತ್ತಾನೆ. ಅಮೆರಿಕ, ಕೊಲ್ಲಿ ದೇಶಗಳಲ್ಲಿ ನೆಲೆಸಿ ಹುಚ್ಚರಾಯಸ್ವಾಮಿ ತೇರಿಗೆ ಊರಿಗೆ ಬರುವ ನಮ್ಮವರ ಸ್ಥಿತಿ ಇವೆರಡರ ನಡುವಿನದು. ಅವರಿಗೆ ಇಲ್ಲಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಇದ್ದರೆ, ಅಲ್ಲಿಯ ನಂಬರಿನಿಂದಲೇ ಯುಪಿಐ ಬಳಸಲು 2023ರ ಜನವರಿಯಲ್ಲಿ ಅವಕಾಶ ಸಿಕ್ಕಿದೆ. ಮೊದಲ ಪಟ್ಟಿಯಲ್ಲಿ ಅಮೆರಿಕ, ಬ್ರಿಟನ್, ಸಿಂಗಪುರ, ಸೌದಿ ಅರೇಬಿಯಾ, ಯುಎಇ ಸೇರಿ 10 ದೇಶಗಳಿದ್ದವು. ಖಾತೆ ಇಲ್ಲದ ಮೊಮ್ಮಕ್ಕಳು ಬೆಂಡು ಬತ್ತಾಸಿಗೆ ಅಜ್ಜನ ಮುಂದೆ ಕೈ ಚಾಚಬೇಕು. ಅದು ಒಳ್ಳೆಯದೇ ಇರಬಹುದು.

ಬಂದವರ ಜೇಬು ಬರಿದಾದಾಗ ಊರಿನವರು ಸುಮ್ಮನಿರುವುದಿಲ್ಲ. ‘ನೋಟು ನನಗೆ ಕೊಡಿ, ನಾನು ಫೋನ್‌ಪೇ ಮಾಡ್ತೀನಿ’ ಎಂದು ಯಾರಾದರೂ ಮುಂದೆ ಬರುತ್ತಾರೆ. ಇದು ಸರಳ, ಸಾಮಾನ್ಯವಾಗಿ ನಿರಪಾಯ. ಪ್ರವಾಸಿ ತಿಳಿದಿರಬೇಕಾದದ್ದು ಇಷ್ಟೇ: ಫೋನನ್ನು ಪರರ ಕೈಗೆ ಕೊಡಬಾರದು, ಹಣ ಪಡೆಯಲು ಪಿನ್ ಒತ್ತಿ ಎಂದರೆ ಒತ್ತಬಾರದು. ಪಿನ್ ಬೇಕಾಗುವುದು ಕೊಡುವಾಗ, ಪಡೆಯುವಾಗ ಅಲ್ಲ. ಈ ಮಾತು ನಮಗೂ ಅನ್ವಯ.

ನಿಮ್ಮ ಮನೆಗೆ ಪರದೇಶದ ಗೆಳೆಯರು ಬರುವುದಿದ್ದರೆ ಮೊದಲೇ ಬರೆದು ತಿಳಿಸಿ. ಬೆಂಗಳೂರಿನಲ್ಲಿ ಇಳಿದ ಕೂಡಲೇ ವ್ಯಾಲೆಟ್ ವಿಚಾರಿಸಲಿ. ಅದರಲ್ಲಿ ಎರಡು ಲಕ್ಷ ರೂಪಾಯಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಪ್ರವಾಸಕ್ಕೆ ಅಷ್ಟು ಬೇಕಾಗುವುದೂ ಇಲ್ಲ. ಹೊರಡುವಾಗ ಉಳಿದದ್ದನ್ನು ತಮ್ಮ ದೇಶದ ಹಣವಾಗಿ ಮರಳಿ ಪಡೆಯಬಹುದು, ಅಥವಾ ಬಂದ ಕಾರ್ಡಿಗೇ ವಾಪಸು ಕಳುಹಿಸಬಹುದು. ಎಟಿಎಂನಿಂದ ನಗದು ತೆಗೆಯುವುದಿದ್ದರೆ ಶಿಕಾರಿಪುರ, ಶಿರಾಳಕೊಪ್ಪ ಅಥವಾ ಸೊರಬದ ಪೇಟೆಯಲ್ಲೇ ತೆಗೆದು, ಅಲ್ಲೇ ಕಾಫಿ ಕುಡಿದು ಐನೂರರ ನೋಟು ಮುರಿಸಿಕೊಳ್ಳಲಿ. ಚಂದ್ರಗುತ್ತಿಯ ಬೆಟ್ಟದ ಬುಡದಲ್ಲಿ ಹಣ್ಣುಕಾಯಿ ಮಾರುವವರ ಬಳಿ ಬೆಳಗಿನ ಹೊತ್ತು ಚಿಲ್ಲರೆ ಕೇಳುವುದು ನ್ಯಾಯವಲ್ಲ.