ಗುಹೆಯಲ್ಲಿ ಮಲಗಿದವರು ಎಷ್ಟು ಮಂದಿ? – ಕುರ್‌ಆನಿನ ಕಥನವೂ ‘ಪುರಾಣ’ವೆಂಬ ಪದವೂ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಸಭಾಪಾಲಕನಿಗೆ ಪವಿತ್ರ ಕಥನವು ಅಪರಿಚಿತವಲ್ಲ. ಕಂಸಾಳೆಯವರು ಮಲೆಯ ಮಾದೇಶ್ವರನ ಕಾವ್ಯವನ್ನೂ ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನೂ ಹಾಡುವ ನೆಲವಿದು. ಇಲ್ಲಿ ‘ಕಥೆ’ ಎಂದರೆ ಸುಳ್ಳು ಎಂದು ಯಾರೂ ಅರ್ಥಮಾಡುವುದಿಲ್ಲ. ಆದರೆ ಕುರ್‌ಆನಿನ ಪ್ರಸ್ತಾಪ ಬಂದೊಡನೆ ಅದೇ ಪದವು ನಮ್ಮ ಬಾಯಲ್ಲಿ ನಿಂದೆಯಾಗಿಬಿಡುವುದುಂಟು. ಆ ಮಾತನ್ನಾಡುವ ಮೊದಲು ಈ ವಿಷಯದ ಚರ್ಚೆಯನ್ನು ನಾವು ಅರಿತಿರಬೇಕು.

ಈ ಆಪಾದನೆ ಹೊಸದಲ್ಲ. ಮೆಕ್ಕಾದ ವಿರೋಧಿಗಳು ಪ್ರವಾದಿಯ ವಾಣಿಯನ್ನು ‘ಅಸಾತೀರುಲ್ ಅವ್ವಲೀನ್’, ಅಂದರೆ ಹಿಂದಿನವರ ಕಟ್ಟುಕಥೆಗಳು, ಎಂದು ಹಳಿದರು. ಈ ಪದಪುಂಜ ಕುರ್‌ಆನಿನಲ್ಲಿ 9 ಬಾರಿ ಬರುತ್ತದೆ.

18ನೆಯ ಅಧ್ಯಾಯವಾದ ‘ಅಲ್-ಕಹ್ಫ್’ ಅನ್ನು ನೋಡೋಣ. ಶುಕ್ರವಾರದಂದು ಇದನ್ನು ಪಠಿಸುವ ರೂಢಿ ಮುಸ್ಲಿಮರಲ್ಲಿದೆ. ಅದರಲ್ಲಿನ ಗುಹಾವಾಸಿಗಳ ವೃತ್ತಾಂತವು ಎಫೆಸದ ಏಳು ನಿದ್ರಿತರೆಂದು ಕ್ರೈಸ್ತರಿಗೂ ಪರಿಚಿತ. 521ರಲ್ಲಿ ನಿಧನರಾದ ಸೆರೂಗಿನ ಯಾಕೋಬರು ಅದನ್ನು ಸಿರಿಯಾಕ್ ಭಾಷೆಯ ಪದ್ಯಪ್ರಸಂಗವಾಗಿ ರಚಿಸಿದ್ದರು. ಇದನ್ನು ಕಂಡು ಹಳೆಯ ವಿದ್ವಾಂಸರಲ್ಲಿ ಹಲವರು ಕುರ್‌ಆನಿನ ಕಥೆಯನ್ನು ಎರವಲೆಂದು ತಳ್ಳಿಹಾಕಿದರು. ಸಿಡ್ನಿ ಗ್ರಿಫಿತ್ ಮೊದಲಾದವರಾದರೋ, ಕೇಳುಗರಿಗೆ ಮೊದಲೇ ಗೊತ್ತಿದ್ದ ಕಥೆಯನ್ನು ಕುರ್‌ಆನ್ ತನ್ನದೇ ಉದ್ದೇಶಕ್ಕಾಗಿ ವ್ಯಾಖ್ಯಾನಿಸುತ್ತದೆ ಎನ್ನುತ್ತಾರೆ. 13ನೆಯ ವಚನದಲ್ಲಿ ಈ ವೃತ್ತಾಂತವನ್ನು ಸತ್ಯವಾಗಿ ಹೇಳಲಾಗುತ್ತಿದೆ ಎಂಬ ಘೋಷಣೆಯಿದೆ. 22ನೆಯ ವಚನದಲ್ಲಿ ಅವರು ಮೂವರೋ ಐವರೋ ಏಳು ಮಂದಿಯೋ ಎಂಬ ವಾದವನ್ನು ಬದಿಗಿಟ್ಟು, ಆ ಸಂಖ್ಯೆಯನ್ನು ದೇವರೇ ಬಲ್ಲನೆಂದು ಹೇಳಲಾಗಿದೆ.

ಈ ಎರಡು ವಚನಗಳ ನಡುವಣ ಸೆಳೆತವೇ ಕೈರೋ ನಗರದ ವಿವಾದದಲ್ಲಿಯೂ ಕಾಣುತ್ತದೆ. 1947ರಲ್ಲಿ ಮುಹಮ್ಮದ್ ಅಹ್ಮದ್ ಖಲಫುಲ್ಲಾಹ್ ಅವರು ಕುರ್‌ಆನಿನ ಕಥನಕಲೆಯನ್ನು ಕುರಿತು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಒಂದೇ ಮೋಶೆಯ ವೃತ್ತಾಂತವು ಬೇರೆಬೇರೆ ಅಧ್ಯಾಯಗಳಲ್ಲಿ ಬೇರೆಬೇರೆ ಮಾತುಗಳಲ್ಲಿ ಬರುವುದೇಕೆ? ಕಥನದ ಗುರಿ ಇತಿಹಾಸಬೋಧೆಯಲ್ಲ, ಎಚ್ಚರಿಕೆ ಮತ್ತು ಉಪದೇಶ ಎಂಬುದು ಅವರ ಉತ್ತರ. ದೇವರೇ ಹೇಳಿದ ವೃತ್ತಾಂತ ನಡೆದ ಸಂಗತಿಯೇ ಆಗಿರಬೇಕೆಂದು ವಿರೋಧಿಗಳು ವಾದಿಸಿದರು. ಮಾರ್ಗದರ್ಶಕರಾದ ಅಮೀನ್ ಅಲ್-ಖೂಲೀ ಶಿಷ್ಯನ ಪರವಾಗಿ ನಿಂತರೂ ಪ್ರಬಂಧ ಅಂಗೀಕಾರವಾಗಲಿಲ್ಲ.

ಇದಕ್ಕೆ ಆರು ವರ್ಷ ಮೊದಲು, 1941ರಲ್ಲಿ, ರುಡಾಲ್ಫ್ ಬುಲ್ಟ್‌ಮನ್ ಹೊಸ ಒಡಂಬಡಿಕೆಯ ಪೌರಾಣಿಕ ಭಾಷೆಯನ್ನು ಕುರಿತು ಇಂಥದೇ ಪ್ರಶ್ನೆಯನ್ನೆತ್ತಿ ನಮ್ಮ ಸಭೆಗಳನ್ನು ಕಲಕಿದ್ದರು. ಆದುದರಿಂದ ನೆರೆಯವರ ಗ್ರಂಥಕ್ಕೆ ಹಿಡಿಯುವ ಅಳತೆಗೋಲನ್ನು ನಮ್ಮ ಸತ್ಯವೇದಕ್ಕೂ ಹಿಡಿಯಲೇಬೇಕು. ನಾತಾನನು ದಾವೀದನಿಗೆ ಹೇಳಿದ ಕುರಿಮರಿಯ ಕಥೆ ನಡೆದ ಘಟನೆಯಲ್ಲ. ಆದರೂ ಅರಸನ ಪಾಪವನ್ನು ಬಯಲಿಗೆಳೆದ ಸತ್ಯ ಅದರಲ್ಲಿತ್ತು. ಪುನರುತ್ಥಾನದ ಮಾತು ಬೇರೆ: ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥವೆಂದು ಪೌಲನು ಕೊರಿಂಥದವರಿಗೆ ಬರೆದಾಗ ಅವನು ನಡೆದ ಸಂಗತಿಯನ್ನೇ ಕುರಿತು ಸಾಕ್ಷಿ ಹೇಳುತ್ತಿದ್ದನು.

ಹೀಗಿರಲು ಪ್ರತಿಯೊಂದು ವೃತ್ತಾಂತವನ್ನೂ, ‘ನೀನು ಯಾವ ಬಗೆಯಲ್ಲಿ ಸತ್ಯವಾಗಬಯಸುತ್ತೀ?’ ಎಂದು ಮೊದಲು ಕೇಳುವುದು ನಮ್ಮ ಕರ್ತವ್ಯ. ಕ್ರಿಸ್ತನ ಶಿಲುಬೆಯ ವಿಷಯದಲ್ಲಿ ನಮಗೂ ಮುಸ್ಲಿಮರಿಗೂ ಇರುವ ಭೇದ ನಿಜವಾದದ್ದು, ಅದನ್ನು ಮರೆಮಾಚಬೇಕಿಲ್ಲ. ಆದರೆ ‘ಕಟ್ಟುಕಥೆ’ ಎಂಬ ಒಂದೇ ಮಾತಿನಿಂದ ನೆರೆಯವನ ಬಾಯಿ ಮುಚ್ಚಿಸುವವನು ಆ ಭೇದವನ್ನು ವಿವರಿಸುವ ಅವಕಾಶವನ್ನೂ ಕಳೆದುಕೊಳ್ಳುತ್ತಾನೆ.