ಮಗುವಿನ ಮೊದಲ ತುತ್ತು

ನಮ್ಮ ಕಾಸರಗೋಡಿನಲ್ಲಿ ನಾವು ಅನ್ನಪ್ರಾಶನ ಎನ್ನುವುದನ್ನು ಮಲಯಾಳ ಮಾತಾಡುವ ನೆರೆಯವರು ಚೋರೂಣು ಎನ್ನುತ್ತಾರೆ. ಹೆಸರು ಎರಡಾದರೂ ಅಗತ್ಯ ಒಂದೇ: 6 ತಿಂಗಳು ತುಂಬಿದ ಮಗುವಿಗೆ ತಾಯಿಯ ಹಾಲೊಂದೇ ಸಾಲದು, ಹುಟ್ಟುವಾಗ ಮೈಯಲ್ಲಿದ್ದ ಕಬ್ಬಿಣದ ಅಂಶವೂ ಮುಗಿಯುತ್ತ ಬರುತ್ತದೆ.

ಆದರೆ ಕೆಲವು ಮನೆಗಳಲ್ಲಿ ನಾವು ಕೊಡುವುದು ಬರೀ ಗಂಜಿಯ ತೆಳಿ. ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿದರೆ ಶಕ್ತಿ ಎಲ್ಲಿಂದ ಬರಬೇಕು? ಚಮಚ ಓರೆಮಾಡಿದರೆ ಸುರಿದುಹೋಗದಷ್ಟು ಆಹಾರ ಮಂದವಾಗಿರಬೇಕು.

ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಪುಡಿಮಾಡಿರಿ. ಮೊಳಕೆ ಬಂದಾಗ ಪಿಷ್ಟ ಒಡೆಯುವುದರಿಂದ ಮಣ್ಣಿ ಬೇಗನೆ ಗಂಟಿಕ್ಕದು. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು. ಮೊದಲು 2–3 ಚಮಚ, ದಿನಕ್ಕೆ ಎರಡು ಸಲ. ಕ್ರಮೇಣ ಸಲಕ್ಕೆ ಅರ್ಧ ಬಟ್ಟಲು. ನುಣ್ಣಗೆ ಬೆಂದ ಬೇಳೆ, ಸಿಹಿಗುಂಬಳ, ನೇಂದ್ರ ಬಾಳೆ, ಮೊಟ್ಟೆ, ಮುಳ್ಳು ತೆಗೆದ ಮೀನು ಒಂದೊಂದಾಗಿ ಸೇರಲಿ. ಅಂಗನವಾಡಿಯ ಅಮೃತಂ ಪುಡಿಯೂ ಒಳ್ಳೆಯದೇ. ವರ್ಷ ತುಂಬುವವರೆಗೆ ಜೇನು ಬೇಡ. ಅದರಲ್ಲಿರಬಹುದಾದ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ. ತಾಯಿಯ ಹಾಲು 2 ವರ್ಷದವರೆಗೂ ಮುಂದುವರಿಯಲಿ.

ವಿದ್ಯಾರ್ಥಿಗಳೇ, ತಮ್ಮನಿಗೋ ತಂಗಿಗೋ ಉಣಿಸುವವರು ನೀವೂ ಅಲ್ಲವೇ? ಬಟ್ಟಲು ಹಿಡಿಯುವ ಮುನ್ನ ಸಾಬೂನಿನಿಂದ ಕೈ ತೊಳೆಯಿರಿ; ಮಗು ಬಾಯಿ ತಿರುಗಿಸಿದರೆ ಒತ್ತಾಯಿಸಬೇಡಿರಿ.