ಕೀ ಒಳಗೆ, ನಾವು ಹೊರಗೆ

ಬೆಂಗಳೂರಿನಿಂದ ತುಮಕೂರಿನ ಕಡೆ ಹೊರಟವರಿಗೆ ಕ್ಯಾತ್ಸಂದ್ರ ಬಂತೆಂದರೆ ಹೊಟ್ಟೆ ತಾನಾಗಿಯೇ ಚುರುಗುಟ್ಟುತ್ತದೆ. ಅತ್ತ ಸಿದ್ಧಗಂಗೆಯ ದಾರಿ, ಇತ್ತ ತಟ್ಟೆ ಇಡ್ಲಿಯ ಹಬೆ. ಏಪ್ರಿಲ್ ತಿಂಗಳ ಒಂದು ದಿನ ಹತ್ತೂವರೆಯ ಹೊತ್ತಿಗೆ ಅಲ್ಲಿ ಕಾರು ನಿಲ್ಲಿಸಿ, ಬಾಗಿಲು ಹಾಕಿ, ನಾಲ್ಕು ಹೆಜ್ಜೆ ನಡೆದು ಜೇಬು ಮುಟ್ಟಿಕೊಂಡೆ. ಕೀ ಇಲ್ಲ. ಗಾಜಿಗೆ ಮೂಗು ಒತ್ತಿ ನೋಡಿದರೆ, ಸ್ಟೀರಿಂಗ್ ಪಕ್ಕದಲ್ಲೇ ಆರಾಮವಾಗಿ ನೇತಾಡುತ್ತಿದೆ.

ಅದು ರಿಮೋಟ್ ಇಲ್ಲದ ಹಳೆಯ ಕಾರು. ಇಂಥ ಪೇಚಾಟ ಬೇಡವೆಂದೇ ಆ ಕಾಲದ ಅನೇಕ ಕಾರುಗಳಲ್ಲಿ ಒಂದು ಉಪಾಯ ಮಾಡಿರುತ್ತಿದ್ದರು. ಒಳಗಿನ ಲಾಕ್ ಗುಂಡಿ ಒತ್ತಿ ಬಾಗಿಲನ್ನು ಸುಮ್ಮನೆ ದಬ್ಬಿದರೆ ಗುಂಡಿ ಟಕ್ಕೆಂದು ಮೇಲೆ ಹಾರಿ ಲಾಕ್ ಬಿಟ್ಟುಕೊಳ್ಳುತ್ತದೆ. ಕೀ ಇಲ್ಲದೆ ಲಾಕ್ ಆಗಲೇಬೇಕಿದ್ದರೆ ಹೊರಗಿನ ಹಿಡಿಯನ್ನು ಎತ್ತಿ ಹಿಡಿದುಕೊಂಡೇ ಬಾಗಿಲು ಹಾಕಬೇಕು. ‘ನಿಜವಾಗಲೂ ಹಾಕಲಾ?’ ಎಂದು ಕಾರು ಕೇಳುವ ಪ್ರಶ್ನೆ ಅದು. ಆದರೆ ಹತ್ತು ವರ್ಷ ಹಾಗೆಯೇ ಬಾಗಿಲು ಹಾಕಿದ ಕೈ, ಯಜಮಾನನನ್ನು ವಿಚಾರಿಸದೆ ‘ಹೂಂ’ ಅಂದುಬಿಡುತ್ತದೆ. ಎಚ್ಚರಿಸಲೆಂದು ಇಟ್ಟ ತಡೆ ರೂಢಿಯಾದರೆ ತಡೆಯಾಗಿ ಉಳಿಯುವುದಿಲ್ಲ.

ವಯಸ್ಸಾಯಿತು, ಮರೆವು ಹೆಚ್ಚಿತು ಎಂದು ಹಳಿದುಕೊಳ್ಳುವುದು ಸುಲಭ. ಜೆರಾಕ್ಸ್ ಅಂಗಡಿಯಲ್ಲಿ ಪ್ರತಿಗಳನ್ನು ಎಣಿಸಿಕೊಂಡು, ಮೂಲ ಆಧಾರ್ ಕಾರ್ಡನ್ನು ಯಂತ್ರದ ಗಾಜಿನ ಮೇಲೇ ಬಿಟ್ಟು ಬರುವ ಕಾಲೇಜು ಹುಡುಗರಿಗೆ ಯಾವ ವಯಸ್ಸು? ಅದೂ ಇದೂ ಒಂದೇ ಜಾತಿ. ಬಂದ ಕೆಲಸ ಆಗಿದೆ, ಉಳಿದಿರುವುದು ಚಿಲ್ಲರೆ ಕೆಲಸ. ಮುಖ್ಯ ಕೆಲಸ ಕೈಗೂಡಿದ ಕ್ಷಣವೇ ಮನಸ್ಸು ಅದರ ಲೆಕ್ಕ ಚುಕ್ತಾ ಮಾಡಿ ಮುಂದಿನದಕ್ಕೆ ಹಾರುತ್ತದೆ. 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಸಂಶೋಧಕರಾದ ಮೈಕೆಲ್ ಬರ್ನ್ ಮತ್ತು ಸೂಸನ್ ಬೋವೇರ್ ಇದನ್ನು ಪರೀಕ್ಷಿಸಿದರು. ಕಂಪ್ಯೂಟರಿನಲ್ಲಿ ಕಾಲ್ಪನಿಕ ಆಕಾಶನೌಕೆಯ ಆಟ. ಶತ್ರುವನ್ನು ಹೊಡೆದ ಮೇಲೂ ಒಂದು ಸಣ್ಣ ಕೆಲಸ ಬಾಕಿ ಇರುತ್ತದೆ. ಆಡುವವರ ತಲೆಯ ಮೇಲೆ ಇನ್ನೊಂದು ಹೊರೆ ಹೇರಿದಾಗ ಆ ಕೊನೆಯ ಹೆಜ್ಜೆ ತಪ್ಪುವುದು ಹೆಚ್ಚಾಯಿತು. ನನ್ನ ತಲೆಯ ಮೇಲಿದ್ದ ಹೊರೆ ಇಡ್ಲಿಯದು.

ಇದಕ್ಕೆ ಮದ್ದು ಬುದ್ಧಿವಾದವಲ್ಲ, ಕೆಲಸದ ಸರದಿಯನ್ನು ತಿರುಗಿಸುವುದು. ಮೊದಲು ಕಾರ್ಡ್ ಹೊರಹಾಕಿ ಆಮೇಲೆ ನೋಟು ಕೊಡುವ ಎಟಿಎಂ ನೋಡಿ. ದುಡ್ಡಿಗೆಂದು ಬಂದವನು ದುಡ್ಡಿಲ್ಲದೆ ಕದಲುವುದಿಲ್ಲ, ಹಾಗಾಗಿ ಕಾರ್ಡೂ ಕೈಸೇರುತ್ತದೆ. ರಿಮೋಟ್ ಕೀ ಮಾಡಿದ್ದೂ ಅದನ್ನೇ. ಕೀ ಕೈಯಲ್ಲಿದ್ದರೆ ತಾನೇ ಲಾಕ್ ಮಾಡುವುದು!

ಹಾಗಾದರೆ ಕಥೆ ಮುಗಿಯಿತೇ? ಜೇಬಿನಲ್ಲೇ ಇದ್ದು ಬಾಗಿಲು ತೆಗೆಯುವ ಸ್ಮಾರ್ಟ್ ಕೀ ಬಂತು, ಹೊಸ ತಪ್ಪು ತಂತು. ಈ ಕೀ ಒಳಗಿದೆಯೋ ಹೊರಗಿದೆಯೋ ಎಂದು ಕಾರು ಪತ್ತೆ ಮಾಡುವ ಬಗೆ ಸೊಗಸಾಗಿದೆ. ಬಾಗಿಲು, ಡಿಕ್ಕಿ, ಸೀಟಿನ ಆಸುಪಾಸಿನಲ್ಲಿ ಅಡಗಿರುವ ಆಂಟೆನಾಗಳು ಸುಮಾರು 125 ಕಿಲೋಹರ್ಟ್ಸ್ ಕಂಪನದಲ್ಲಿ ಕೀಲಿಯನ್ನು ಕೂಗಿ ಕರೆಯುತ್ತವೆ. ಆ ಕಂಪನದ ತರಂಗದ ಉದ್ದ 2.4 ಕಿಲೋಮೀಟರು! ಕಾರಿನ ಅಳತೆಗೆ ಅದು ತರಂಗವೇ ಅಲ್ಲ, ಸುರುಳಿಯ ಸುತ್ತಲಿನ ಕಾಂತಕ್ಷೇತ್ರ ಅಷ್ಟೆ. ದೂರ ಎರಡರಷ್ಟಾದರೆ ಅದರ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹೀಗೆ ಥಟ್ಟನೆ ಇಳಿಯುವುದೇ ಇಲ್ಲಿ ಅನುಕೂಲ. ಯಾವ ಆಂಟೆನಾದ ಕೂಗು ಎಷ್ಟು ಜೋರಾಗಿ ಕೇಳಿತು ಎಂದು ಕೀ ವರದಿ ಒಪ್ಪಿಸುತ್ತದೆ, ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊದಲ್ಲಿ. ಅದನ್ನು ಹೋಲಿಸಿ ಕಾರು ಕೀ ಇರುವ ಜಾಗ ಗೊತ್ತುಮಾಡಿಕೊಳ್ಳುತ್ತದೆ. ಒಳಗಿದೆ ಎಂದಾದರೆ ಲಾಕ್ ಆಗದೆ ಕಿರುಚುತ್ತದೆ.

ಅದೇ ಕೀಲಿಯನ್ನು ಸ್ಟೀಲ್ ತಿಂಡಿ ಡಬ್ಬಿಯ ಜೊತೆ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಟ್ಟರೆ? ಡಬ್ಬಿಯ ಲೋಹದಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಹೊರಗಿನ ಕ್ಷೇತ್ರವನ್ನು ಎದುರಿಸಿ ಕುಗ್ಗಿಸುತ್ತದೆ. ಕಾರಿನ ಕೂಗು ಕೀಲಿಗೆ ಕೇಳಿಸದಿದ್ದರೆ ಕಾರಿನ ಪಾಲಿಗೆ ಆ ಕೀ ಇಲ್ಲವೇ ಇಲ್ಲ. ಕೀ ಕೈಯಲ್ಲೇ ಇದ್ದು ಅದರ ಬ್ಯಾಟರಿ ಸತ್ತರೂ ಅದೇ ಪಾಡು. ಆಗ ಕೀಲಿಯ ಹೊಟ್ಟೆಯೊಳಗೆ ಅವಿತಿರುವ ಲೋಹದ ಪುಟ್ಟ ಕೀಲಿಯೇ ಗತಿ. ಅದೊಂದು ಇದೆಯೆಂದೇ ಗೊತ್ತಿಲ್ಲದ ಮಾಲೀಕರನ್ನು ನಾನು ಕಂಡಿದ್ದೇನೆ.

ಕಾರಿನಲ್ಲಿ ಯಾರೂ ಇಲ್ಲದಿದ್ದರೆ ಇದೆಲ್ಲ ತಮಾಷೆ. ಒಳಗೆ ಮಗು ಮಲಗಿದ್ದರೆ ಅಲ್ಲ. ಬಿಸಿಲು ಗಾಜು ದಾಟಿ ಬಂದು ಸೀಟು, ಡ್ಯಾಶ್‌ಬೋರ್ಡನ್ನು ಕಾಯಿಸುತ್ತದೆ. ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಟ್ಯಾನ್‌ಫರ್ಡ್ ವೈದ್ಯರಿದ್ದ ಗುಂಪೊಂದು ಹೊರಗೆ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ದಿನಗಳಲ್ಲಿ ನಿಂತ ಕಾರಿನ ಒಳಗನ್ನು ಅಳೆಯಿತು. ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿಕೆ, ಅದರಲ್ಲಿ ನೂರಕ್ಕೆ 80 ಪಾಲು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿಯನ್ನು ಬೆರಳುಗಾತ್ರ ಇಳಿಸಿದ್ದರೂ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. 22ರಿಂದ 36 ಡಿಗ್ರಿ ಅಂದರೆ ನಮ್ಮ ತುಮಕೂರಿನ ಸಾಧಾರಣ ಹವೆಯೇ. ಮಕ್ಕಳ ಮೈ ದೊಡ್ಡವರ ಮೈಗಿಂತ ಬಹಳ ಬೇಗ ಕಾಯುತ್ತದೆ ಬೇರೆ. ಅಂಥ ಹೊತ್ತಿನಲ್ಲಿ ಮೆಕಾನಿಕ್ ಬರಲಿ ಎಂದು ಕಾಯಬಾರದು, ಗಾಜು ಒಡೆಯಬೇಕು. ಮಗುವಿನಿಂದ ದೂರದ ಕಿಟಕಿ, ಅದರ ಮೂಲೆ, ಚೂಪಾದ ಗಟ್ಟಿ ವಸ್ತು. ಬಹುತೇಕ ಕಾರುಗಳಲ್ಲಿ ಪಕ್ಕದ ಕಿಟಕಿಯದು 600 ಡಿಗ್ರಿಗೂ ಮೀರಿ ಕಾಯಿಸಿ, ಗಾಳಿ ಹಾಯಿಸಿ ಸರ್ರನೆ ಆರಿಸಿದ ಗಾಜು. ಮೇಲ್ಮೈ ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಒಡಲು ಜಗ್ಗುತ್ತಿರುತ್ತದೆ. ನಡುವೆ ಅಂಗೈಯಿಂದ ಗುದ್ದಿದರೆ ಜಪ್ಪಯ್ಯ ಎನ್ನುವುದಿಲ್ಲ. ಮೂಲೆಯಲ್ಲಿ ಒಂದು ಸೀಳು ಒಳಗಿಳಿದರೆ ಅಷ್ಟೂ ಬಿಗಿ ಒಮ್ಮೆಗೇ ಬಿಚ್ಚಿಕೊಂಡು ಕಲ್ಲುಸಕ್ಕರೆಯಂತೆ ಉದುರುತ್ತದೆ.

ನನ್ನ ಕಾರಿನಲ್ಲಿದ್ದದ್ದು ಒಂದು ಛತ್ರಿ ಮಾತ್ರ. ಇಡ್ಲಿ ತಿಂದು, ಕಾಫಿ ಕುಡಿದು, ಇನ್ನೊಂದು ಕಾಫಿಯೂ ಮುಗಿಯುವಷ್ಟರಲ್ಲಿ ಮೆಕಾನಿಕ್ ಬಂದ. ಗಾಜಿಗೂ ರಬ್ಬರ್ ಬೀಡಿಂಗಿಗೂ ನಡುವೆ ಉದ್ದನೆಯ ಸ್ಟೀಲ್ ಸ್ಕೇಲನ್ನು ಇಳಿಸಿ, ಕಣ್ಣು ಅರ್ಧ ಮುಚ್ಚಿ, ಲಾಕಿನ ಸರಳಿಗಾಗಿ ತಡಕಾಡಿದ. ಈಗಿನ ಕಾರುಗಳಲ್ಲಿ ಸರಳಿನ ಜಾಗಕ್ಕೆ ಕೇಬಲ್ ಬಂದು, ಮೇಲೆ ಕವಚವೂ ಕೂತು ಈ ವಿದ್ಯೆ ಹೆಚ್ಚು ನಡೆಯುವುದಿಲ್ಲ. ನನ್ನದರಲ್ಲಿ ನಡೆಯಿತು. ಗುಂಡಿ ಟಕ್ಕೆಂದು ಮೇಲೆ ಹಾರಿತು. ಅವನು ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡು, ಬೈಕ್ ಹತ್ತಿ ಹೊರಟೇಬಿಟ್ಟ. ಸ್ಕೇಲು ನಮ್ಮ ಕಾರಿನ ತಲೆಯ ಮೇಲೇ ಇತ್ತು.